ಹಾಯಿಯ ಕೆಳಮೂಲೆ

"ಇದು ಲಾರಿ ಟಾರ್ಪಾಲ್ ಅಲ್ಲಮ್ಮ, ದೋಣಿ ಹಾಯಿ. ನಮಗ್ಯಾಕೆ ಈ ಉಸಾಬರಿ?" ಎಂದು ಅಂಗಡಿಯ ಮಾಲೀಕ ಪರಮಶಿವಯ್ಯ ಬಟ್ಟೆಯನ್ನು ಮಡಚಿ ರಂಜಿನಿಯ ಕೈಗೇ ವಾಪಸು ಕೊಟ್ಟರು.

ಹುಡುಗಿ ಅಲ್ಲಾಡಲಿಲ್ಲ. ಭಾನುವಾರ ಹಲಸೂರು ಕೆರೆಯಲ್ಲಿ ಹಾಯಿದೋಣಿ ಪಂದ್ಯದ ರಾಜ್ಯ ತಂಡಕ್ಕೆ ಆಯ್ಕೆ. ಹೊಸ ಹಾಯಿ ಬರಲು ತಿಂಗಳಾಗುತ್ತದೆ. ಇದರ ಹಿಂದಿನ ಕೆಳಮೂಲೆ ಬೇರೆ ಎರಡು ಅಂಗಡಿಗಳಲ್ಲಿ ಹೊಲಿಸಿದರೂ ಮತ್ತೆ ಕಿತ್ತು ಬಂದಿತ್ತು.

ಮೂವತ್ತು ವರ್ಷದಿಂದ ಚಾಮರಾಜಪೇಟೆಯ ಆ ಅಂಗಡಿಯಲ್ಲಿ ಟಾರ್ಪಾಲ್ ಹೊಲಿಯುತ್ತಿದ್ದ ಮುತ್ಯಾಲಮ್ಮ ಮಿಷನ್ ನಿಲ್ಲಿಸಿದಳು. "ಇಲ್ ಕೊಡಮ್ಮ, ನೋಡಣ. ಗಾಳಿ ಬಂದ್ರೆ ಯಾವ್ ಕಡೆ ಎಳೀತದೆ?"

ರಂಜಿನಿ ಕೈಯಾಡಿಸಿ ವಿವರಿಸತೊಡಗಿದಳು.

"ಬಾಯಲ್ಲಿ ಬೇಡ. ಕಟ್ಟಿ ತೋರ್ಸು."

ಮೇಲಿನ ಮೂಲೆಯನ್ನು ಕಿಟಕಿಯ ಸರಳಿಗೆ, ಮುಂದಿನ ಕೆಳಮೂಲೆಯನ್ನು ಕಂಬಕ್ಕೆ ಕಟ್ಟಿದರು. ಹಿಂದಿನ ಮೂಲೆಯ ತೂತಿಗೆ ಕೂರಿಸಿದ್ದ ಲೋಹದ ಬಳೆಯಂಥ ಐಲೆಟ್‌ಗೆ ಹಗ್ಗ ಪೋಣಿಸಿ ರಂಜಿನಿ ಎಳೆದು ಹಿಡಿದಳು. "ಗಾಳಿ ಜಾಸ್ತಿ ಆದ್ರೆ ಇದನ್ನ ಬಿಗಿ ಮಾಡ್ತೀವಿ ಆಂಟಿ, ಹಾಯಿ ಚಪ್ಪಟೆ ಆಗತ್ತೆ. ಕಮ್ಮಿ ಆದ್ರೆ ಸಡಿಲ ಬಿಡ್ತೀವಿ, ಹೊಟ್ಟೆ ಬರತ್ತೆ."

ಮೂಲೆಯಿಂದ ನೆರಿಗೆಗಳು ಬೆರಳು ಬಿಡಿಸಿದ ಹಾಗೆ ಹರಡಿಕೊಂಡವು. ಹಿಂದೆ ಹೊಲಿದವರು ಚೌಕದ ತೇಪೆ ಹಾಕಿದ್ದರು. ಅಷ್ಟೂ ಭಾರ ಒಂದೇ ಹೊಲಿಗೆಯ ಮೇಲೆ ಬೀಳುತ್ತಿತ್ತು. ಮುತ್ಯಾಲಮ್ಮ ಚಾಕ್ ತೆಗೆದು ನೆರಿಗೆಗಳ ಮೇಲೆಯೇ ಗೆರೆ ಎಳೆದಳು.

"ಹರಿದ್ರೆ ಅಂಗ್ಡಿ ಹೆಸ್ರು ಕೆಡತ್ತೆ," ಎಂದರು ಪರಮಶಿವಯ್ಯ.

"ಹರಿದ್ರೆ ನನ್ ಹೆಸ್ರು ಹೇಳ್ಲಿ ಬಿಡಿ ಸಾರ್."

ಎರಡು ದಿನ ಹಿಡಿಯಿತು. ಉದ್ದುದ್ದ ಪಟ್ಟಿಗಳನ್ನು ಒಂದಕ್ಕಿಂತ ಒಂದು ಗಿಡ್ಡವಾಗಿ ಕತ್ತರಿಸಿ, ನೆರಿಗೆಯ ದಿಕ್ಕಿನಲ್ಲೇ ಒಂದರ ಮೇಲೊಂದು ಕೂಡಿಸಿದಳು. ಐಲೆಟ್ ಸುತ್ತ ಮಾತ್ರ ಮೇಣ ಸವರಿದ ದಾರದಿಂದ ಕೈಹೊಲಿಗೆ ಹಾಕಿದಳು.

ಭಾನುವಾರ ರಂಜಿನಿ ಕರೆದಳೆಂದು ಕೆರೆಗೆ ಹೋದ ಮುತ್ಯಾಲಮ್ಮ ಗಾಳಿ ತುಂಬಿದ ಹಾಯಿಯನ್ನು ನೋಡಿದ್ದು ಅದೇ ಮೊದಲು. ಮಧ್ಯಾಹ್ನ ಗಾಳಿ ಜೋರಾಯಿತು. ಮುಂದಿದ್ದ ದೋಣಿಯೊಂದು ಮಗುಚಿಕೊಂಡಿತು. ರಂಜಿನಿ ದೋಣಿ ವಾಲದಂತೆ ಮೈಯನ್ನೆಲ್ಲ ಹೊರಕ್ಕೆ ಚೆಲ್ಲಿ ಹಗ್ಗ ಬಿಗಿದಳು. ದಡದಲ್ಲಿದ್ದವರು ಹುಡುಗಿಯನ್ನು ನೋಡುತ್ತಿದ್ದರು. ಮುತ್ಯಾಲಮ್ಮ ಆ ಮೂಲೆಯನ್ನು. ಅವಳ ಕಾಲ್ಬೆರಳುಗಳು ಚಪ್ಪಲಿಯನ್ನು ಕಚ್ಚಿ ಹಿಡಿದಿದ್ದವು. ಮೂಲೆ ಕದಲಲಿಲ್ಲ.

ರಂಜಿನಿ ಎರಡನೆಯವಳಾಗಿ ಬಂದಳು. ತಂಡಕ್ಕೆ ಇಬ್ಬರನ್ನು ತೆಗೆದುಕೊಳ್ಳುವುದಿತ್ತು.

ಕೋಚ್ ವಿಶ್ವಾರಾಧ್ಯ ದೋಣಿಯ ಬಳಿ ಬಂದು ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದರು. "ಇದನ್ನ ಎಲ್ಲಿಗೆ ಕಳ್ಸಿದ್ದೆ? ಮುಂಬೈಗಾ?"

"ಚಾಮರಾಜಪೇಟೆಗೆ ಸಾರ್. ಅಗೋ, ಅಲ್ಲಿ ನಿಂತಿದಾರೆ."

ಕೋಚ್ ದಡ ಹತ್ತಿ ಬಂದರು. "ನೀವಾ ಹೊಲ್ದಿದ್ದು?"

"ನಾನೇ," ಎಂದಳು ಮುತ್ಯಾಲಮ್ಮ, ತಲೆ ತಗ್ಗಿಸದೆ.

"ನಮ್ಹತ್ರ ಇನ್ನೂ ಆರು ಹಾಯಿ ಇವೆ. ಅಂಗ್ಡಿ ಹೆಸ್ರು ಹೇಳಿ, ಬರ್ಕೋತೀನಿ."

"ಅಂಗ್ಡಿದೂ ಬರ್ಕೊಳಿ. ಮುತ್ಯಾಲಮ್ಮ ಅಂತಾನೂ ಬರ್ಕೊಳಿ."

ಅವರು ಬರೆದುಕೊಳ್ಳುವುದನ್ನು ಅವಳು ಕೊನೆಯ ಅಕ್ಷರದವರೆಗೂ ನೋಡಿದಳು. ಕೆಳಗೆ ರಂಜಿನಿ ಹಗ್ಗ ಬಿಚ್ಚಿದಳು. ಹಾಯಿ ಒಮ್ಮೆ ಪಟಪಟನೆ ಬಡಿದುಕೊಂಡು, ಗಾಳಿಯನ್ನು ಬಿಟ್ಟು, ದೋಣಿಯ ಮೇಲೆ ಮೆಲ್ಲಗೆ ಒರಗಿತು.