ಒದ್ದೆ ಜೋಳದ ಹಗೇವು

ಜನಾಬಾಯಿಯ ಕಣ್ಣಿಗೆ ಮೊದಲು ಬಿದ್ದದ್ದು ಸಲಾಕೆ. ಆಮೇಲೆ ಅದನ್ನು ಹೆಗಲ ಮೇಲಿಟ್ಟುಕೊಂಡು ಕೆಸರು ತುಳಿಯುತ್ತ ಬರುತ್ತಿದ್ದ ಖಾಸಿಂ ಅಲಿ. ಅವನ ಹಿಂದೆ ಎತ್ತಿನ ಬಂಡಿಗಳಿದ್ದವು. ಬಂಡಿ ತುಂಬ ಡೇರೆ, ಅಕ್ಕಿ ಚೀಲ, ಔಷಧದ ಪೆಟ್ಟಿಗೆ. ಪ್ಯಾಂಟನ್ನು ಮೊಣಕಾಲಿಗೆ ಮಡಚಿಕೊಂಡ ಒಬ್ಬ ಹೊಸ ಸಾಹೇಬನೂ ಒಬ್ಬ ಡಾಕ್ಟರೂ ಇದ್ದರು. ಅವೆಲ್ಲ ಆಕೆಗೆ ಕಂಡದ್ದು ಬಹಳ ಹೊತ್ತಿನ ಮೇಲೆ.

“ಬಂತು ನೋಡ್ರಿ ಲೆವಿ,” ಎಂದಳು ಗಂಡನಿಗೆ. “ಹೊಳಿ ಬಿಟ್ಟದ್ದು ಇವ್ರು ಒಯ್ಯಲಾಕ ಬಂದಾರ.”

ಗಂಡ ಧೊಂಡಿಬಾ ಮರಡಿಯ ಮೇಲೆ ಕಂಬಳಿ ಹೊದ್ದು ಕೂತಿದ್ದ. ಅವನ ಕುರಿಗಳಲ್ಲಿ ಅರ್ಧಕ್ಕರ್ಧ ಹೊಳೆಯ ಪಾಲಾಗಿದ್ದವು. ಆ ದುಃಖದಲ್ಲಿ ಅವನಿಗೆ ಲೆವಿ ಬಂದರೂ ಒಂದೇ, ಬಿಟ್ಟರೂ ಒಂದೇ.

ಹೊಳೆವಾಡಿ ಔರಾದ ತಾಲೂಕಿನ ಸಣ್ಣ ಊರು, ಮಾಂಜ್ರಾ ಹೊಳೆಯ ದಂಡೆಯಲ್ಲಿತ್ತು. ಬೀದರ ಜಿಲ್ಲೆ ಹೈದರಾಬಾದು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಊರಿನವರು ಮೈಸೂರನ್ನು ಕಂಡವರಲ್ಲ, ಮೈಸೂರು ಊರನ್ನು ಕಂಡದ್ದಲ್ಲ. ಅಷ್ಟರಲ್ಲಿ ಈ ಮಳೆ ಹಿಡಿಯಿತು. ಮುಂದಿನಿಂದ ಹೊಳೆ ಏರಿತು, ಹಿಂದಿನಿಂದ ಕೆರೆಯ ಏರಿ ಒಡೆದು ಕರಿಮಣ್ಣಿನ ಕೆಸರು ಇಳಿದು ಬಂತು. ಜನ ಮರಡಿ ಹತ್ತಿ ಜೀವ ಉಳಿಸಿಕೊಂಡರು. ನೀರೇನೋ ಇಳಿಯಿತು, ಕೆಸರು ಮಾತ್ರ ಬಂದ ನೆಂಟನ ಹಾಗೆ ಅಲ್ಲೇ ಕೂತುಬಿಟ್ಟಿತು. ಓಣಿ, ಅಂಗಳ, ಕೊಟ್ಟಿಗೆ ಎಲ್ಲ ಒಂದೇ ಸಮನಾಗಿ, ಮಾಳಿಗೆ ಮನೆಗಳ ಗೋಡೆ ಕುಸಿದು, ಹುಟ್ಟಿದ ಊರಲ್ಲೇ ಜನ ತಮ್ಮ ಮನೆ ಹುಡುಕುವ ಹಾಗಾಯಿತು.

ಆ ಕೆಸರಿನ ಕೆಳಗೆ ಹಗೇವುಗಳಿದ್ದವು. ಆಳುದ್ದಕ್ಕಿಂತ ಆಳಕ್ಕೆ ನೆಲ ಅಗೆದು, ಒಳಗೆ ಒಣ ದಂಟಿನ ಕಣಿಕೆ ಹಾಸಿ, ಜೋಳ ತುಂಬಿ, ಬಾಯಿ ಮುಚ್ಚಿ ಮೇಲೆ ಮಣ್ಣು ಮೆತ್ತಿದರೆ ಅಲ್ಲೊಂದು ಹಗೇವು ಇದೆಯೆಂದು ಅದರ ಮೇಲೆ ನಡೆದಾಡುವವನಿಗೂ ತಿಳಿಯುವುದಿಲ್ಲ. ಯಾರ ಹಗೇವು ಎಲ್ಲಿದೆ ಎನ್ನುವುದು ಮನೆಯವರಿಗೆ ಗೊತ್ತು, ಹೆಚ್ಚೆಂದರೆ ನೆಗೆಣ್ಣಿಗೆ ಗೊತ್ತು. ಬೀಗರಿಗೂ ಹೇಳುವ ಮಾತಲ್ಲ ಅದು.

ಹೀಗೆ ಗುಟ್ಟು ಮಾಡುವುದಕ್ಕೆ ಕಾರಣವೂ ಇತ್ತು. ನಿಜಾಮನ ಆಳಿಕೆಯಲ್ಲಿ, ಲಡಾಯಿಯ ವರ್ಷಗಳಲ್ಲಿ, ಸರ್ಕಾರದವರು ಬಂದು ರೈತರ ಕಾಳನ್ನು ಜುಲುಮೆಯಿಂದ ಅಳೆದು ಒಯ್ಯುತ್ತಿದ್ದರು. ಅದೇ ಲೆವಿ. ಕಂದಾಯದ ಗಿರ್ದಾವರ ಸಾಹೇಬ ಕುರ್ಚಿ ಹಾಕಿಸಿಕೊಂಡು ಕೂಡುತ್ತಿದ್ದ, ತಹಸೀಲಿನ ಚಪರಾಸಿ ಖಾಸಿಂ ಅಲಿ ಕಬ್ಬಿಣದ ಸಲಾಕೆ ಹಿಡಿದು ಮನೆಮನೆ ನೆಲ ಚುಚ್ಚುತ್ತಿದ್ದ. ಸಲಾಕೆಯ ತುದಿಗೆ ಒಂದು ಕಚ್ಚು ಇತ್ತು. ಕಾಳಿದ್ದರೆ ಆ ಕಚ್ಚಿನಲ್ಲಿ ಸಿಕ್ಕಿ ಮೇಲೆ ಬರುತ್ತಿತ್ತು. ಊರಲ್ಲಿ ಎಷ್ಟೋ ಮನೆಗಳ ವರ್ಷದ ಅನ್ನ ಆ ಕಚ್ಚಿನಿಂದ ಹೋಗಿತ್ತು.

ಜನಾಬಾಯಿಯ ಹಗೇವು ಮಾತ್ರ ಉಳಿದಿತ್ತು. ಅದು ಆಕೆಯ ದೊಡ್ಡಸ್ತಿಕೆ. ಅಂದು ಕೊಟ್ಟಿಗೆಯಲ್ಲಿ ಹಗೇವಿನ ಬಾಯಿಯ ಮೇಲೆಯೇ ಕೌದಿ ಹಾಸಿ, ಅತ್ತೆಯನ್ನು ಮಲಗಿಸಿ, ಬಾಗಿಲಿಗೆ ಬೇವಿನ ತೊಪ್ಪಲು ಕಟ್ಟಿದ್ದಳು. “ದೇವಿ ಬಂದಾಳ್ರಿ, ಒಳಗ ಬರಬ್ಯಾಡ್ರಿ,” ಎಂದು ಅತ್ತಿದ್ದಳು. ಸಿಡುಬೆಂದರೆ ಗಿರ್ದಾವರನೂ ಹೊಸ್ತಿಲಲ್ಲೇ ನಿಂತ. ಖಾಸಿಂ ಅಲಿ ಮಾತ್ರ ದೇವಿಗೂ ಅಂಜದೆ ಒಳಹೊಕ್ಕು, ನರಳುತ್ತಿದ್ದ ಮುದುಕಿಯ ಪಕ್ಕದಲ್ಲೇ ಸಲಾಕೆ ಇಳಿಸಿದ್ದ. ಹೊರಗೆ ಬಂದು “ಬರೇ ಕಲ್ಲದ ಸರ್ಕಾರ್” ಎಂದಿದ್ದ. ಸಲಾಕೆ ಗುರಿ ತಪ್ಪಿತ್ತು. ಎಂಥೆಂಥವರಿಗೆ ಮಣ್ಣು ಮುಕ್ಕಿಸಿದೆ ಎಂದು ಜನಾಬಾಯಿ ಅಂದಿನಿಂದ ಬೀಸುವ ಕಲ್ಲಿನ ಮುಂದೆ ಹೇಳಿದ್ದೇ ಹೇಳಿದ್ದು. ಆದರೆ ಖಾಸಿಂ ಅಲಿ ಓಣಿಯಲ್ಲಿ ಹಾದುಹೋದರೆ ಒಂದು ತಂಬಿಗೆ ನೀರು ಕೊಟ್ಟವಳಲ್ಲ.

ಈಗ ಅದೇ ಮನುಷ್ಯ, ಗಡ್ಡ ನೆರೆತಿದೆ ಅಷ್ಟೇ, ಅದೇ ಸಲಾಕೆ.

ಹೊಸ ಸಾಹೇಬ ಮರಡಿಯ ಮೇಲೆ ಎಲ್ಲರನ್ನೂ ಕೂಡಿಸಿದ. ಮೈಸೂರು ಕಡೆಯವನು, ಎಳೆ ವಯಸ್ಸು. ಅವನ ಕನ್ನಡ ಎಷ್ಟು ಮೆತ್ತಗಿತ್ತೆಂದರೆ ಜನಾಬಾಯಿಗೆ ಅದೇ ಅನುಮಾನ ಹುಟ್ಟಿಸಿತು. ಅಧಿಕಾರಿ ಎಂದ ಮೇಲೆ ಗದರಬೇಕು. ಗದರದೆ ಕೈ ಮುಗಿಯುತ್ತಾನೆಂದರೆ ಒಳಗೇನೋ ಮಸಲತ್ತು ಇದ್ದೇ ಇದೆ.

“ಅಮ್ಮಾ, ಹೆದರ್ಕೋಬೇಡಿ,” ಎಂದ ಅವನು. “ನಿಮ್ಮ ಕಾಳು ನಮಗೆ ಬೇಡ. ನೆನೆದ ಜೋಳ ನೆಲದೊಳಗೆ ಕೊಳೆತರೆ ಕೆಟ್ಟ ಗಾಳಿ ತುಂಬ್ಕೊಳ್ಳುತ್ತೆ. ಇಳಿದವರು ಮೇಲೆ ಬರಲ್ಲ. ಹಗೇವು ಎಲ್ಲಿದೆ ಅಂತ ತೋರಿಸಿ. ನಾವೇ ಬಾಯಿ ತೆಗೆಸಿ, ಗಾಳಿ ಆಡಿಸಿ, ಕಾಳು ಎತ್ತಿಸಿ ನಿಮಗೇ ಕೊಡ್ತೀವಿ.”

‘ನಮಗೆ ಬೇಡ’ ಎಂದು ಕೇಳುವ ಮೊದಲೇ ಹೇಳಿದನಲ್ಲ, ಜನಾಬಾಯಿ ಅವನನ್ನು ಅಲ್ಲೇ ಹಿಡಿದುಬಿಟ್ಟಳು. ಬೇಡದವನು ಎಲ್ಲಿದೆ ಎಂದು ಯಾಕೆ ಕೇಳಬೇಕು?

ಯಾರೂ ಜಾಗ ತೋರಿಸಲಿಲ್ಲ. ನೆಗೆಣ್ಣಿ ಸತ್ಯಮ್ಮ, ಧೊಂಡಿಬಾನ ತೀರಿಹೋದ ಅಣ್ಣನ ಹೆಂಡತಿ, ಸೆರಗು ಮುಂದಕ್ಕೆಳೆದುಕೊಂಡು “ನಮ್ಮಲ್ಲಿ ಹಗೇವ ಎಲ್ಲಿದ್ರಿ ಸಾಹೇಬ್ರ, ಗಡಗಿನಾಗ ನಾಕು ಕಾಳ ಇದ್ವು, ಹೊಳಿ ಒಯ್ತು” ಎಂದಳು. ಉಳಿದವರೂ ಅದನ್ನೇ ಹೇಳಿದರು. ಅಷ್ಟೂ ಮನೆಗಳು ವರ್ಷವಿಡೀ ಗಡಿಗೆಯಲ್ಲೇ ಬದುಕಿದಂತೆ ಇತ್ತು ಮಾತು.

ಖಾಸಿಂ ಅಲಿ ಜನಾಬಾಯಿಯ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತ.

“ಅಕ್ಕಾ, ನೀವರ ಹೇಳ್ರಿ. ಇದು ಲೆವಿ ಅಲ್ರಿ. ಅಲ್ಲಾನ ಕಸಮ್.”

“ನಿಮ್ಮ ಸಲಾಕಿಗಿ ಗೊತ್ತಿಲ್ಲೇನ್ರಿ? ಆವಾಗೇ ಚುಚ್ಚಿ ನೋಡಿರಿ. ಕಲ್ಲದ ಅಂದ್ರಿ.”

ಅವನು ಆಕೆಯ ಮುಖ ನೋಡಿದ, ಏನೋ ಹೇಳುವವನಂತೆ ತುಟಿ ತೆರೆದ, ಹಿಂದೆ ನಿಂತಿದ್ದ ಸಾಹೇಬನತ್ತ ಒಮ್ಮೆ ತಿರುಗಿ ನೋಡಿದ. ಆಮೇಲೆ ಎದ್ದುಹೋದ. ಆ ಕಳ್ಳನೋಟ ಜನಾಬಾಯಿಗೆ ಸಾಕಾಯಿತು. ಇವರಿಬ್ಬರೂ ಒಳಗೊಳಗೇ ಮಾತಾಡಿಕೊಂಡಿದ್ದಾರೆ. ಇಂದು ಕೇಳುತ್ತಾರೆ, ನಾಳೆ ಚುಚ್ಚುತ್ತಾರೆ.

“ಇವತ್ತೇ ತಕ್ಕೋಬೇಕು,” ಎಂದಳು ಗಂಡನ ಕಿವಿಯಲ್ಲಿ. “ಸುತ್ತ ಮುಂಗೈ ಮುಳಗುವಷ್ಟು ನೆಂದಿದ್ರೂ ನಡು ಮಧ್ಯದ್ದು ಒಣಗಿರ್ತದ. ಬೀಜಕ್ಕರ ಆಗ್ತದ್ರಿ. ಬೀಜ ಹೋದ್ರ ನಾವು ಹೋದಂಗ.”

ಮಧ್ಯಾಹ್ನ ಡೇರೆಗಳ ಮುಂದೆ ಅನ್ನದ ಕೊಪ್ಪರಿಗೆ ಇಳಿಸಿ ಎಲ್ಲರನ್ನೂ ಸಾಲಾಗಿ ಕೂಡಿಸುವ ಗದ್ದಲದಲ್ಲಿ ಗಂಡ ಹೆಂಡತಿ ಮರಡಿ ಇಳಿದರು. ಕೊಟ್ಟಿಗೆಯ ಒಂದು ಗೋಡೆ ನಿಂತಿತ್ತು. ಅದರ ಮರೆಯಲ್ಲಿ ಧೊಂಡಿಬಾ ಕೆಸರು ತೋಡಿ, ಮಣ್ಣು ಕೆದರಿ, ಹಗೇವಿನ ಬಾಯಿ ಹಿಡಿದ. ಹುಳಿ ವಾಸನೆ ಗಪ್ಪನೆ ಎದ್ದಿತು.

ಹಗೇವು ತೆಗೆಯುವುದಕ್ಕೆ ಒಂದು ಕ್ರಮವಿದೆ, ಊರಿನ ಮಗುವಿಗೂ ಗೊತ್ತು. ಬಾಯನ್ನು ಪೂರಾ ತೆರೆದು ಒಂದು ಹಗಲು ಒಂದು ರಾತ್ರಿ ಹಾಗೇ ಬಿಡಬೇಕು. ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಸಬೇಕು. ದೀಪ ಉರಿದರೆ ಮನುಷ್ಯ ಇಳಿಯಬೇಕು, ಆರಿದರೆ ಇಳಿಯಬಾರದು. ಜನಾಬಾಯಿಯೇ ಎಷ್ಟು ಸಲ ದೀಪ ಇಳಿಸಿದ್ದಳೋ. ಇಂದು ಪೂರಾ ತೆರೆದಿಟ್ಟರೆ ಸಲಾಕೆಯವನಿಗೆ ಕರೆದು ತೋರಿಸಿದ ಹಾಗೆ. ಅದಕ್ಕೇ ಒಬ್ಬ ಮನುಷ್ಯ ತೂರುವಷ್ಟೇ ಬಾಯಿ ಮಾಡಿಸಿದ್ದಳು.

“ದೀಪ ಇಳಸಬೇಕಲ್ಲ?” ಎಂದ ಧೊಂಡಿಬಾ.

“ದೀಪ ಎಲ್ಲಿಂದ ತರ್ಲಿ? ಡೇರೆಕ್ಕ ಹೋಗಿ ಬೆಂಕಿ ಕೇಳ್ಲೇನು? ಯಾಕ ಅಂತ ಕೇಳಿದ್ರ? ಜಲ್ದಿ ಇಳದು ಜಲ್ದಿ ಬರ್ರಿ.”

ಅವನು ಒಂದು ಕ್ಷಣ ಆಕೆಯನ್ನು ನೋಡಿದ. ಕುರಿ ಹೋದ ಮೇಲೆ ಹೆಂಡತಿಯ ಜೊತೆ ವಾದಿಸುವ ಕಸುವೂ ಹೋಗಿತ್ತೇನೋ. ಹಗ್ಗವನ್ನು ಗೂಟಕ್ಕೆ ಬಿಗಿದು ಇಳಿದ. ಮೇಲಿನಿಂದ ಯಾರಿಗೂ ಕಾಣದಿರಲಿ ಎಂದು ಜನಾಬಾಯಿ ಬಾಯಿಗೆ ಅಡ್ಡವಾಗಿ ಕಂಬಳಿ ಎಳೆದಳು. ಅಷ್ಟನ್ನೂ ಆಕೆಯೇ ತನ್ನ ಕೈಯಾರೆ ಮಾಡಿದಳು.

ಒಳಗೆ ಬುಟ್ಟಿ ಸರಸರ ಅಂದಿತು. ಕೆಮ್ಮು ಕೇಳಿಸಿತು. ಆಮೇಲೆ ಏನೂ ಇಲ್ಲ.

“ಕೇಳಸ್ತದೇನ್ರಿ?” ಎಂದಳು ಮೆಲ್ಲಗೆ. ಮತ್ತೆ ಕರೆದಳು, ಇನ್ನೂ ಮೆಲ್ಲಗೆ. ಹಗ್ಗ ಎಳೆದು ನೋಡಿದಳು, ಹಗ್ಗ ಬರಿದೇ ಬಂತು.

ಕೂಗಬೇಕೆಂದು ಬಾಯಿ ತೆರೆದಳು, ಕೂಗು ಹೊರಡಲಿಲ್ಲ. ಕೂಗಿದರೆ ಬರುವವನು ಖಾಸಿಂ ಅಲಿ. ಬಂದರೆ ಹಗೇವು ಕಾಣುತ್ತದೆ. ಒಂದು ಉಸಿರೋ ಎರಡು ಉಸಿರೋ, ಜನಾಬಾಯಿ ಕೆಳಗೆ ಗಂಡ ಬಿದ್ದಿರುವಾಗ ಮೇಲೆ ನಿಂತು ಜೋಳದ ಲೆಕ್ಕ ಹಾಕಿದಳು. ಆ ನಾಚಿಕೆಗೆ ಆಕೆ ಮುಂದೆ ಎಷ್ಟೋ ಸಲ ಎದೆ ಬಡಿದುಕೊಂಡಳು. ಆ ಲೆಕ್ಕದ ನಡುವೆಯೇ ಚೀರು ತಾನಾಗಿಯೇ ಎದ್ದು ಬಂತು.

“ಬರ್ರ್ಯೋ! ನನ್ನ ಗಂಡ ಹೋದ್ನಲ್ರ್ಯೋ!”

ಮರಡಿಯಿಂದ ಜನ ದಡದಡ ಇಳಿದರು. ಎಲ್ಲಿ, ಯಾವ ಮನೆ, ಎತ್ತ ಎಂದು ಕೆಸರಿನಲ್ಲಿ ದಿಕ್ಕು ತಪ್ಪಿ ಒದರಾಡಿದರು. ಸಾಹೇಬ ನೇರ ಹೊಳೆಯ ಕಡೆ ಓಡಿದ. ಖಾಸಿಂ ಅಲಿ ಯಾರನ್ನೂ ಕೇಳಲಿಲ್ಲ. ಬಿದ್ದ ಗೋಡೆಗಳ ಮೇಲೆ ಹತ್ತಿ ಇಳಿದು ಸೀದಾ ಕೊಟ್ಟಿಗೆಗೆ ಬಂದ. ಕಂಬಳಿ ಕಿತ್ತೆಸೆದ, ಸಲಾಕೆಯಿಂದ ಮೀಟಿ ಮೀಟಿ ಬಾಯನ್ನು ಅಗಲ ಮಾಡಿದ. “ಕಂಬಳಿ ಬೀಸ್ರಿ! ಗಾಳಿ ಹೊಡೀರಿ ಒಳಗ!” ಎಂದು ಕೂಗುತ್ತಲೇ ಹಗ್ಗದ ಒಂದು ತುದಿಯನ್ನು ತನ್ನ ಟೊಂಕಕ್ಕೆ ಬಿಗಿದು, ಒದ್ದೆ ರುಮಾಲನ್ನು ಮೂಗಿಗೆ ಕಟ್ಟಿ, ಉಸಿರು ಬಿಗಿಹಿಡಿದು ಇಳಿದುಬಿಟ್ಟ.

ಅಷ್ಟರಲ್ಲಿ ಸಾಹೇಬನೂ ಬಂದ. ಅವನೂ ನಾಲ್ಕು ಜನರೂ ಕೆಸರಲ್ಲಿ ಕಾಲೂರಿ ಹಗ್ಗ ಎಳೆದರು. ಮೊದಲು ಖಾಸಿಂ ಅಲಿಯ ತೋಳ ಮೇಲೆ ಧೊಂಡಿಬಾ ಬಂದ, ಕಣ್ಣು ಮೇಲಾಗಿ. ಅವನ ಹಿಂದೆ ಖಾಸಿಂ ಅಲಿ ಬಂದು ಗೋಡೆಗೆ ಒರಗಿ ವಾಂತಿ ಮಾಡಿಕೊಂಡ. ಡಾಕ್ಟರು ಧೊಂಡಿಬಾನ ಎದೆ ಒತ್ತಿದರು, ಮಗ್ಗುಲು ಮಾಡಿದರು, ಮತ್ತೆ ಒತ್ತಿದರು. ಜನಾಬಾಯಿ ಗಂಡನ ಕಾಲು ಹಿಡಿದು ಕೂತು, ತಾನು ನಂಬಿದ ದೇವರನ್ನೂ ನಂಬದ ದೇವರನ್ನೂ ಕರೆದಳು. ಕೊನೆಗೆ ಧೊಂಡಿಬಾ ಕೆಮ್ಮಿದ. ಕಣ್ಣು ತೆರೆದ. ಹೆಂಡತಿಯನ್ನು ಗುರುತು ಹಿಡಿದ.

ಡೇರೆಗೆ ಅವನನ್ನು ಹೊತ್ತು ಒಯ್ಯುವಾಗ ಜನಾಬಾಯಿ ಹಿಂದೆ ಉಳಿದಳು. ಖಾಸಿಂ ಅಲಿ ಇನ್ನೂ ಗೋಡೆಗೆ ಒರಗಿ ತೇಕುತ್ತಿದ್ದ. ಆಕೆಯ ಅನುಮಾನ ಇನ್ನೂ ಸತ್ತಿರಲಿಲ್ಲ.

“ಖರೆ ಹೇಳ್ರಿ ಖಾಸಿಂಭಾಯಿ. ಊರ ಮಂದಿಗಿ ನನ್ನ ಮನಿ ಗುರ್ತ ಸಿಗಲಿಲ್ಲ. ನೀವು ಹ್ಯಾಂಗ ಸೀದಾ ಬಂದ್ರಿ?”

“ಆವತ್ತು ಸಲಾಕಿ ತುದಿಗಿ ಜ್ವಾಳ ಬಂದಿತ್ರಿ, ಅಕ್ಕಾ,” ಎಂದ ಅವನು. “ನಿಮ್ಮ ಅತ್ತಿ ನನ್ನ ಮಾರಿ ನೋಡಿ ನರಳೋದೇ ಬಿಟ್ಟಿದ್ರು. ಆ ಕಾಳ ಬಾಯಾಗ ಹಾಕ್ಕೊಂಡು ನುಂಗಿದೆ. ಹೊರಗ ಬಂದು ಕಲ್ಲದ ಅಂದೆ.”

ಅತ್ತೆ ಸತ್ತು ಎಷ್ಟೋ ವರ್ಷವಾಗಿತ್ತು. ಆ ಮುದುಕಿ ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ. ಸೊಸೆಯ ದೊಡ್ಡಸ್ತಿಕೆಯನ್ನು ಕೇಳಿ ಕೇಳಿ ಸುಮ್ಮನೆ ನಕ್ಕಿದ್ದಳು.

“ಮುಂಜಾನಿ ಯಾಕ ಹೇಳ್ಲಿಲ್ರಿ ಮತ್ತ?”

“ಸಾಹೇಬ್ರ ಮುಂದ ನಾನೇ ತೋರ್ಸಿದ್ರ ಏನಂತಿದ್ರಿ? ಗುಟ್ಟು ನಿಮ್ದು. ನೀವೇ ಹೇಳ್ತೀರಿ ಅಂತ ದಾರಿ ನೋಡ್ದೆ. ತಪ್ಪಾತು ನಂದು.”

“ನಿಮ್ದಲ್ರಿ,” ಎಂದಳು ಜನಾಬಾಯಿ. ಸೆರಗಿನಿಂದ ಮುಖ ಒರೆಸಿಕೊಂಡಳು. ಅಳು ಬಂತು, ಅಳುತ್ತ ಕೂಡಲು ಹೊತ್ತಿರಲಿಲ್ಲ. ಅನ್ನದ ಸಾಲಿನಲ್ಲಿ ಸತ್ಯಮ್ಮ ಒಬ್ಬಳೇ ಕೂತಿದ್ದದ್ದು ನೆನಪಾಯಿತು. ಅವಳ ಇಬ್ಬರು ದೊಡ್ಡ ಮಕ್ಕಳು ಉಣ್ಣುವ ಹೊತ್ತಿಗೆ ಎಲ್ಲಿ ಹೋದರು?

ಜನ ಗುಂಪಾಗಿ ಅಲ್ಲೇ ನಿಂತಿದ್ದರು. ಸಾಹೇಬ ಬೆವರು ಒರೆಸಿಕೊಳ್ಳುತ್ತ ಮತ್ತೆ ಕೇಳುತ್ತಿದ್ದ: “ಇನ್ನೂ ಯಾರದಾದರೂ ಇದೆಯಾ? ದಯವಿಟ್ಟು ಹೇಳಿ.” ಒಬ್ಬರ ಮುಖ ಒಬ್ಬರು ನೋಡಿದರು. ಇಷ್ಟಾದರೂ ಯಾರೂ ತುಟಿ ಬಿಚ್ಚಲಿಲ್ಲ.

ಜನಾಬಾಯಿ ಗುಂಪನ್ನು ಸರಿಸಿಕೊಂಡು ಸತ್ಯಮ್ಮನ ಅಂಗಳಕ್ಕೆ ನಡೆದಳು. ಬಿದ್ದ ಬೇವಿನ ಮರದ ಬುಡದಿಂದ ಅಂದಾಜು ಹಿಡಿದು ಹಿಂದಿನ ಗೋಡೆಯತ್ತ ತಿರುಗಿ ನಿಂತು, “ಇಲ್ಲಿ ಬರ್ರಿ ಖಾಸಿಂಭಾಯಿ,” ಎಂದು ಊರಿಗೆಲ್ಲ ಕೇಳುವಂತೆ ಕೂಗಿದಳು. “ಈ ಗ್ವಾಡಿ ಹಿಂದ ಅದ.”

“ಏ ಹಾದರಗಿತ್ತಿ!” ಸತ್ಯಮ್ಮ ಓಡಿ ಬಂದು ಆಕೆಯ ರಟ್ಟೆ ಹಿಡಿದು ಜಗ್ಗಿದಳು. “ನಿಂದು ಹೋತಂತ ನಂದೂ ತೋರ್ಸ್ತಿ? ಎಷ್ಟ್ ತಿಂದಿ ಅವ್ರ ಕಡಿಂದ? ನನ್ನ ಮಕ್ಕಳ ಬಾಯಿಗಿ ಮಣ್ಣ ಹಾಕಿದಿ. ನಿನ್ನ ಹಟ್ಯಾಗ ದೀಪ ಹತ್ತದಂಗ ಆಗ್ಲಿ!”

ಹಿಂದೆ ನಿಂತವರೂ ಗೊಣಗಿದರು. ನಿನ್ನೆಯವರೆಗೆ ಕಷ್ಟ ಸುಖ ಹಂಚಿಕೊಂಡ ಹೆಂಗಸರು ಜನಾಬಾಯಿಯಿಂದ ಒಂದೊಂದು ಹೆಜ್ಜೆ ದೂರ ಸರಿದರು. ಇನ್ನು ಈಕೆ ತಮ್ಮ ಮನೆಗಳದ್ದನ್ನೂ ತೋರಿಸುತ್ತಾಳೆ ಎನ್ನುವುದು ಅವರ ಕಣ್ಣಲ್ಲೇ ಇತ್ತು.

“ಬೈಯವ್ವಾ,” ಎಂದಳು ಜನಾಬಾಯಿ. “ಎಷ್ಟರ ಬೈ.”

ಅಷ್ಟರಲ್ಲಿ ಗೋಡೆಯ ಹಿಂದಿನಿಂದ ಖಾಸಿಂ ಅಲಿಯ ಕೂಗು ಕೇಳಿಸಿತು. ಎಲ್ಲರೂ ಅತ್ತ ಓಡಿದರು. ಹಗೇವಿನ ಬಾಯಿ ಆಗಲೇ ಅರ್ಧ ತೆರೆದಿತ್ತು. ಸತ್ಯಮ್ಮನ ಹಿರಿಯ ಮಗ ಅದರ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದ, ಟೊಂಕಕ್ಕೆ ಹಗ್ಗ ಕಟ್ಟಿಯಾಗಿತ್ತು, ಇಳಿಯದ ಹಾಗೆ ಖಾಸಿಂ ಅಲಿ ಅವನ ರಟ್ಟೆ ಹಿಡಿದಿದ್ದ. ಕಿರಿಯವನು ಹಗ್ಗದ ಇನ್ನೊಂದು ತುದಿ ಹಿಡಿದು ನಿಂತಿದ್ದ.