ಎದ್ದು ನಿಲ್ಲುವವರ ಪಟ್ಟಿ

ಯಹೂದಿಗಳ ನರಮೇಧದ ಪಾಠ ಮುಗಿದ ಮೇಲೆ ಪುಸ್ತಕ ಮಡಚಿಟ್ಟು ನಾನು ರುವಾಂಡಾದ ಕತೆ ಹೇಳುತ್ತೇನೆ. ಹೇಳು ಎಂದು ಯಾರೂ ನನಗೆ ಹೇಳಿಲ್ಲ. ರಾಮನಗರದ ಹತ್ತನೇ ಕ್ಲಾಸಿನ ಮಕ್ಕಳಿಗೆ ಆಫ್ರಿಕಾ ಯಾಕ್ರೀ ಬೇಕು ಅಂತ ಹೆಡ್‌ಮಿಸ್ಟ್ರೆಸ್ ಅಂಬುಜಮ್ಮನವರು ವರ್ಷಕ್ಕೊಮ್ಮೆ ಗೊಣಗುತ್ತಾರೆ. ವರ್ಷಕ್ಕೊಮ್ಮೆ ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಆ ದಿನವೂ ಹೇಳಿದೆ. ನೂರು ದಿನದಲ್ಲಿ ಸುಮಾರು ಎಂಟು ಲಕ್ಷ ಜನರ ಕೊಲೆ, ಹೆಚ್ಚಿನವರು ಟುಟ್ಸಿ ಎಂಬ ಅಲ್ಪಸಂಖ್ಯಾತ ಜನಾಂಗದವರು. ಕತ್ತಿ ಹಿಡಿದು ಬಂದವರಲ್ಲಿ ಪಕ್ಕದ ಮನೆಯವರೂ ಇದ್ದರು. ಅದಕ್ಕೂ ಎಷ್ಟೋ ವರ್ಷ ಮೊದಲೇ ಅಲ್ಲಿನ ಮೇಷ್ಟ್ರುಗಳು ಟುಟ್ಸಿ ಮಕ್ಕಳನ್ನು ಎದ್ದು ನಿಲ್ಲಿಸಿ ಗುರುತು ಮಾಡಿಕೊಳ್ಳುತ್ತಿದ್ದರು. ಅಂಥ ಮೇಷ್ಟ್ರುಗಳ ಮೇಲೆ ನನಗೆ ಕೆಟ್ಟ ಸಿಟ್ಟು. ದನಿ ತಾನಾಗಿ ಏರಿತು. ಮಕ್ಕಳು ಪಿಟ್ಟೆನ್ನದೆ ಕೇಳಿದರು. ಪಾಠ ಚೆನ್ನಾಗಿ ಹೋಯಿತೆಂದು ಒಳಗೊಳಗೇ ಬೀಗಿದೆ.

ಬೆಲ್ಲಿಗೆ ಇನ್ನೂ ಹತ್ತು ನಿಮಿಷವಿತ್ತು. ಆಫೀಸಿನಿಂದ ಪಟ್ಟಿ ಬಂತು. ಅಲ್ಪಸಂಖ್ಯಾತರ ಸ್ಕಾಲರ್‌ಶಿಪ್ಪಿಗೆ ಇವತ್ತೇ ಕೊನೆ, ಹೆಸರು ಬರೆದು ಕಳಿಸಬೇಕು. ಇಪ್ಪತ್ತೆರಡು ವರ್ಷದ ರೂಢಿ, ಬಾಯಿ ಆಡಿಬಿಟ್ಟಿತು.

"ಮೈನಾರಿಟಿಯವ್ರೆಲ್ಲ ಎದ್ದು ನಿಂತ್ಕಳ್ರಪ್ಪ."

ಯಾರೂ ಏಳಲಿಲ್ಲ. ಮುಂದಿನ ಬೆಂಚಿನ ಜುವೇರಿಯಾ ಕೂಡ. ರೇಷ್ಮೆ ನೂಲು ತೆಗೆಯುವ ಶುಕೂರ್ ಸಾಬರ ಮಗಳು ಅವಳು. ಈ ದುಡ್ಡು ಬರದಿದ್ದರೆ ಮುಂದೆ ಕಾಲೇಜಿಗೆ ಕಳಿಸಲಾರೆ ಎಂದು ಶುಕೂರ್ ಸಾಬರೇ ನನಗೆ ಹೇಳಿಹೋಗಿದ್ದರು. ನನಗೆ ರೇಗಿತು. ನಾಳೆ ಬಂದು ಅತ್ತರೆ ಯಾರೂ ಕೇಳುವುದಿಲ್ಲ, ಬೇಗ ಏಳಮ್ಮ ಎಂದು ಗದರಿದೆ.

"ಕುಂತ್ಕಂಡೇ ಹೇಳ್ಲಾ ಸಾರ್?" ಅಂದಳು.

ಆ ದನಿಯಲ್ಲಿ ಸೊಕ್ಕು ಹುಡುಕಿದೆ, ಸಿಗಲಿಲ್ಲ. ಹುಡುಗಿ ನನಗೆ ಹೆದರಿದ್ದಳು. ನಾಚಿಕೆಯಿಂದ ನನ್ನ ಮುಖ ಬಿಸಿಯಾಯಿತು.

ಹೋಗಿ ಅವಳ ಬೆಂಚಿನ ತುದಿಯಲ್ಲಿ ಕೂತೆ. ತಪ್ಪಾಯ್ತಮ್ಮ ಎಂದೆ. ಬೇಕಿದ್ದರೆ ಈಗ ಬರೆಸು, ಇಲ್ಲವಾದರೆ ಸಂಜೆಯೊಳಗೆ ಅಪ್ಪನನ್ನು ಕರೆಸೋಣ ಎಂದೆ. ಅವಳು ಪಟ್ಟಿಯ ಖಾಲಿ ಕಾಲಂಗಳನ್ನೇ ನೋಡುತ್ತಿದ್ದಳು.

"ಬರ್ಕಂಡ ಮೇಲೆ ಇದು ಯಾರ್ ಕೈಗೆ ಹೋಯ್ತದೆ ಸಾರ್?"

ಇಷ್ಟು ವರ್ಷ ಪಟ್ಟಿ ಬರೆದಿದ್ದೇನೆ, ಒಂದು ಸಲವೂ ಅದನ್ನು ಕೇಳಿರಲಿಲ್ಲ. ಏನಾದರೂ ಹೇಳಿ ಜಾರಿಕೊಳ್ಳಬಹುದಿತ್ತು, ಮನಸ್ಸು ಬರಲಿಲ್ಲ. ಗೊತ್ತಿಲ್ಲ ಎಂದೆ.

ಜುವೇರಿಯಾ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ತನ್ನ ಹೆಸರು ತಾನೇ ಬರೆದಳು. ಉಳಿದವರೂ ಕೂತಲ್ಲೇ ಬರೆದರು. ಬೆಲ್ಲು ಹೊಡೆಯಿತು. ಆ ಕಾಗದವನ್ನು ನಾನು ಯಾರ ಕೈಗೆ ಕೊಡುತ್ತೇನೆಂದು ನೋಡಲು ಅವಳು ಆಫೀಸಿನವರೆಗೂ ನನ್ನ ಹಿಂದೆಯೇ ಬಂದಳು.