ಹತ್ತರ ಸ್ಪ್ಯಾನರ್

ಮೆಕ್ಯಾನಿಕ್‌ನ ಶವವನ್ನು ನಾಲ್ಕು ಜನ ಗಾಡಿಗೆ ಏರಿಸುತ್ತಿದ್ದಾಗಲೇ ಮಳೆ ಹಿಡಿಯಿತು. ಸ್ಟೇರಿಂಗ್ ಮುಂದೆ ಕೂತಿದ್ದ ಅವನ ತಮ್ಮ ವೈಪರ್ ಹಾಕಿ ನಿಲ್ಲಿಸಿದ. ಕಡ್ಡಿ ಕೆಳಗೆ ಹೋಗಿ ಮಲಗಲಿಲ್ಲ. ಎಂದಿನಂತೆ ಗಾಜಿನ ನಡುವೆ, ಅವನ ಕಣ್ಣೆದುರೇ ನಿಂತಿತು. ಈಚೆಗೆ ಮಾತ್ರ ಒಂದಂಗುಲ ಅತ್ತಿತ್ತ ಆಗುತ್ತಿತ್ತು.

ಸತ್ತವನ ಹೆಂಡತಿ ಆ ಒಂದಂಗುಲವನ್ನು ಗಮನಿಸಿದಳು.

ಮೈದುನ ಇಳಿದು ಬಂದ. "ಅತ್ತಿಗೆ, ಹನ್ನೊಂದು ವರ್ಷ ಆಯ್ತು. ಈ ವೈಪರಿಗೆ ಮೂರು ಮೋಟರ್ ಬದಲಾಯಿಸ್ದೆ. ಅಣ್ಣನೂ ಹೋದ. ಈಗಲಾದ್ರೂ ಸರಿ ಮಾಡಿಕೊಡಿ, ನಿಮಗೆ ಗೊತ್ತಿರುತ್ತೆ."

* * *

ಗೊತ್ತಿಲ್ಲದೆ ಏನು? ಅಂದು ಗಂಡನಿಗೆ ಟಾರ್ಚ್ ಹಿಡಿದು ನಿಂತವಳೇ ಅವಳು. ಬಸ್ಸಿನ ಗಾಜು, ಜೀಪಿನ ಮೈ, ಟೆಂಪೋದ ಎಂಜಿನ್ ಸೇರಿಸಿ ಗಂಡ ಎರಡು ವರ್ಷ ಕೂತು ತಮ್ಮನಿಗಾಗಿ ಆ ಗಾಡಿ ಕಟ್ಟಿದ್ದ. ಅಷ್ಟಗಲದ ಗಾಜಿಗೆ ಯಾವ ವೈಪರೂ ಸಾಲದೆ ಎರಡನ್ನು ಕತ್ತರಿಸಿ, ಬೆಸೆದು ಒಂದು ಮಾಡಿದ್ದ. ಪ್ರದರ್ಶನದಲ್ಲಿ ಬಹುಮಾನ ಬಂದಾಗ ವೇದಿಕೆ ಹತ್ತಿದವನು ತಮ್ಮ. "ಎಲ್ಲ ನನ್ನ ಕೈಕೆಲಸ. ಅಣ್ಣ ಸ್ಪ್ಯಾನರ್ ಎತ್ತಿಕೊಡ್ತಿದ್ದ" ಎಂದ ಮೈಕಿನಲ್ಲಿ. ಕೆಸರಾದದ್ದು ಒಬ್ಬನ ಕೈ, ಮೊಸರು ಇನ್ನೊಬ್ಬನ ಬಾಯಿಗೆ.

ಗಂಡ ಜಗಳವಾಡಲಿಲ್ಲ. ಮರುವಾರ ಗಾಡಿ ಸರ್ವಿಸಿಗೆ ಬಂದಾಗ, ಕಡ್ಡಿ ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವ ಪುಟ್ಟ ಸ್ವಿಚ್ಚನ್ನು ಮೋಟರಿನಿಂದ ಬಿಡಿಸಿ ಡ್ಯಾಶ್‌ಬೋರ್ಡಿನ ಒಳಮೂಲೆಯಲ್ಲಿ, ಯಾರ ಕೈಗೂ ಸಿಗದಂತೆ, ಕಡ್ಡಿ ಗಾಜಿನ ನಡುವೆಯೇ ನಿಲ್ಲುವ ಹಾಗೆ ಕೂರಿಸಿದ.

"ಇನ್ಮೇಲೆ ಅವನು ಗಾಡಿ ಹತ್ತಿದಾಗೆಲ್ಲ ನಾನು ಕಣ್ಮುಂದೇನೇ ಇರ್ತೀನಿ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಅವನು ಅಷ್ಟು ನಕ್ಕಿದ್ದನ್ನು ಅವಳು ನೋಡಲೇ ಇಲ್ಲ.

* * *

"ಗಾಡಿ ಕಟ್ಟಿದ್ದು ಯಾರು?" ಎಂದು ಅವಳು ಮೈದುನನನ್ನು ಕೇಳಿದಳು.

ನೆಂಟರೆಲ್ಲ ಇತ್ತ ತಿರುಗಿದರು. ಮೈದುನ ಸುತ್ತ ನೋಡಿ, "ಇಬ್ಬರೂ ಸೇರಿ ಅಂತ ಇಟ್ಕೊಳ್ಳಿ" ಎಂದ.

ಅಣ್ಣನ ಹೆಣ ಎತ್ತುವ ಹೊತ್ತಿನಲ್ಲೂ ಪಾಲು ಕೇಳುವ ಬಾಯಿ! ಅವಳಿಗೆ ಮೈಯೆಲ್ಲ ಉರಿಯಿತು. ಡ್ಯಾಶ್‌ಬೋರ್ಡಿನ ಕೆಳಗೆ ತೂರಿ ಕೈ ಚಾಚಿದಳು.

"ಹತ್ತರ ಸ್ಪ್ಯಾನರ್ ಕೊಡು."

ಕೊಟ್ಟ. ಅದಲ್ಲ, ಎಂಟರದು ಎಂದಳು. ಅದನ್ನೂ ಕೊಟ್ಟ. ಮತ್ತೆ ಹತ್ತರದೇ ಬೇಕೆಂದಳು. ಮಳೆಯಲ್ಲಿ ತೊಪ್ಪೆಯಾಗಿ, ಅಷ್ಟೂ ನೆಂಟರೆದುರು ಆರು ಸಲ ಎತ್ತಿಕೊಟ್ಟ. ಗ್ಯಾರೇಜಿನ ಹಳೆಯ ಪೇಂಟರ್ ನಗು ತಡೆಯಲಾರದೆ ಗೋಡೆಗೆ ಮುಖ ತಿರುಗಿಸಿದ.

ಅವಳು ಎದ್ದು ಕೈ ಒರೆಸಿಕೊಂಡು, ಹಿಂದೆ ಗಂಡನ ಪಕ್ಕ ಹೋಗಿ ಕೂತಳು. ಗಾಡಿ ಹೊರಟಿತು. ಸರಿಹೋಯಿತೇ ಎಂದು ನೋಡಲು ಮೈದುನ ವೈಪರ್ ಹಾಕಿ ನಿಲ್ಲಿಸಿದ. ಕಡ್ಡಿ ಅತ್ತ ಹೋಗಿ, ಇತ್ತ ಬಂದು, ಈ ಸಲ ಕೂದಲೆಳೆಯೂ ತಪ್ಪದೆ ಅವನ ಮೂಗಿನ ನೇರಕ್ಕೆ ನಿಂತಿತು.